ಹಿಂದಿನ ಸೀಟಿನ ಗೋವಿಂದಮ್ಮ

ಗೋವಿಂದಮ್ಮ ಯಾವ ಕಾರನ್ನೂ ಮುಂದಿನಿಂದ ನೋಡಿದವರಲ್ಲ. ಶಿವಾಜಿನಗರದ ಬಿಡಿಭಾಗಗಳ ಗಲ್ಲಿಯಲ್ಲಿ ಹಳೆಯ ಕಾರು ಕೊಳ್ಳಲು ಬಂದ ಗಂಡಸರು ಬಾನೆಟ್ ಎತ್ತಿ, ಒಳಗೆ ತಲೆ ತೂರಿಸಿ, ಎಲ್ಲವೂ ಅರ್ಥವಾದವರಂತೆ ಹೂಂಗುಟ್ಟುತ್ತಿದ್ದರೆ, ಈಕೆ ಚಪ್ಪಲಿ ಕಳಚಿ, ಹಿಂದಿನ ಎಡಬಾಗಿಲು ತೆರೆದು, ಸೀಟಿನ ಮೂಲೆಯಲ್ಲಿ ಕುಳಿತು ಕಣ್ಣು ಮುಚ್ಚುತ್ತಿದ್ದರು. ಆ ಐದು ನಿಮಿಷ ಯಾರೂ ಮಾತಾಡಕೂಡದು. ಕಣ್ಣು ತೆರೆದ ಮೇಲೆ ಆಕೆ ಹೇಳಿದ್ದೇ ತೀರ್ಪು. "ಇಂಜಿನ್ನು ಸುಳ್ಳು ಹೇಳ್ಬೋದು. ಮೀಟ್ರು ಹೇಳೇ ಹೇಳುತ್ತೆ. ಸೀಟು ಹೇಳಲ್ಲ" ಎಂಬುದು ಆಕೆಯ ಶಾಸ್ತ್ರದ ಮೊದಲ ಸೂತ್ರ.

ಆಕೆಯದು ಕಾರಿನ ಸೀಟು ಹೊಲಿಯುವ ವೃತ್ತಿ. ಗಂಡ ಮುನಿಕೃಷ್ಣಪ್ಪ ತೀರಿಕೊಂಡ ಮೇಲೆ ಆತನ ಕುಷನ್ ಅಂಗಡಿಯ ಜೊತೆಗೆ ಆತನ ಖಾಕಿ ಕೋಟೂ ಆಕೆಯ ಪಾಲಿಗೆ ಬಂತು. ಸೀರೆಯ ಮೇಲೆ ಆ ಕೋಟು, ಒಂದು ಜೇಬಿನಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಬಾಗಿದ ದಬ್ಬಳ. ಮೂವತ್ತು ವರ್ಷ ನೆಲದ ಮೇಲೆ ಕುಳಿತು ರೆಕ್ಸಿನ್ ಹೊಲಿದು ಬಾಗಿದ ಮಂಡಿಗಳನ್ನು ಅಗಲಿಸಿ, ಎರಡೂ ಕೈ ಬೀಸುತ್ತ ಬಸ್ ಸ್ಟ್ಯಾಂಡಿನ ಕಡೆಯಿಂದ ಬರುತ್ತಿದ್ದರೆ ಎದುರಿನ ಆಟೋಗಳೇ ಪಕ್ಕಕ್ಕೆ ಸರಿಯಬೇಕು, ಈಕೆ ಸರಿಯುವ ಪೈಕಿಯಲ್ಲ. ತಮಿಳರೊಡನೆ ತಮಿಳು, ಸಾಬರೊಡನೆ ದಖ್ಖನಿ ಸಲೀಸಾಗಿ ಆಡುತ್ತಿದ್ದ ಈ ನಾಲಗೆ ಬೈಗುಳಕ್ಕೆ ಮಾತ್ರ ಕಟ್ಟುನಿಟ್ಟಾಗಿ ಕನ್ನಡವನ್ನೇ ಬಳಸುತ್ತಿತ್ತು. ಇಷ್ಟರಮಟ್ಟಿನ ಭಾಷಾಭಿಮಾನ ನಮ್ಮ ಕಂಟೋನ್ಮೆಂಟಿನಲ್ಲಿ ದೊಡ್ಡದೇ.

ತೊಂಬತ್ತರ ದಶಕದ ನಡುವಿನಲ್ಲಿ ಹೊಸ ಹೊಸ ಸೆಡಾನುಗಳು ರಸ್ತೆಗಿಳಿದು, ಇಂದಿರಾನಗರದ ಸಂಸಾರಗಳಿಗೆಲ್ಲ ಡಿಕ್ಕಿಯಿರುವ ಉದ್ದನೆಯ ಕಾರಿನ ಹುಚ್ಚು ಹಿಡಿದಾಗ ಗೋವಿಂದಮ್ಮನ ಸಲಹೆಗೆ ಬೆಲೆ ಬಂತು. ಆಕೆಯ ಕ್ರಮ ಒಂದೇ: ಮೊದಲು ದೋಷ, ಆಮೇಲೆ ಗುಣ. ದೋಷವೇ ಕಾಣದ ಗಾಡಿಯನ್ನು ಮುಟ್ಟಬೇಡಿ ಎನ್ನುತ್ತಿದ್ದರು, ಅದರಲ್ಲಿ ಏನನ್ನೋ ಮುಚ್ಚಿಟ್ಟಿದ್ದಾರೆಂದೇ ಅರ್ಥ. ಒಮ್ಮೆ ಡಾಕ್ಟರೊಬ್ಬರು ಹೊಳೆಹೊಳೆಯುವ ಕಾರು ತಂದು, ಇದರಲ್ಲಿ ಹಿಂದೆ ಯಾರೂ ಕುಳಿತೇ ಇಲ್ಲವಂತೆ ಎಂದರು. ಗೋವಿಂದಮ್ಮ ಕಣ್ಣು ಮುಚ್ಚಿ, ಮೂಗರಳಿಸಿ, "ಮನುಷ್ಯರು ಕೂತಿಲ್ಲ, ಸರಿ. ನಾಯಿ ಕೂತಿದೆ. ದೊಡ್ಡ ನಾಯಿ, ವಯಸ್ಸಾಗಿದೆ" ಎಂದರು. ವಿಚಾರಿಸಿದರೆ ಅದು ಅಕ್ಷರಶಃ ನಿಜವಾಗಿತ್ತು.

ಇಂಥ ಗೋವಿಂದಮ್ಮನ ಮುಂದೆ ಎರಡು ಸಾವಿರದ ಮೂರನೆಯ ಇಸವಿಯ ಫೆಬ್ರವರಿಯಲ್ಲಿ ಹೊಸ ತಿಪ್ಪಸಂದ್ರದ ಶ್ರೀರಾಮಪ್ಪ ಬೂದು ಬಣ್ಣದ ಹಳೆಯ ಸೆಡಾನೊಂದನ್ನು ತಂದು ನಿಲ್ಲಿಸಿದರು. ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಬಿಡಿಭಾಗಗಳನ್ನು ಅಳೆದು ಪಾಸು ಮಾಡಿದ ಮನುಷ್ಯ. ಕಾರಿಗೂ ನಲವತ್ತೆರಡು ಅಂಶಗಳ ಪಟ್ಟಿ ಮಾಡಿದ್ದರು. ನಲವತ್ತೊಂದು ಪಾಸು, ಹಾರ್ನ್ ಒಂದು ನಪಾಸು. ಕೊಳ್ಳುವುದೋ ಬಿಡುವುದೋ ಭಾನುವಾರದೊಳಗೆ ಹೇಳಿ ಎಂದು ಮಾರುವವನು ಗಾಡಿ ಕೊಟ್ಟು ಕಳಿಸಿದ್ದ. ಅವರು ಬಂದದ್ದು ಸೀಟಿಗೆ ಹೊಸ ಕವರು ಹೊಲಿಸಬಹುದೇ ಎಂದು ಕೇಳುವುದಕ್ಕಷ್ಟೇ.

"ಗಾಡಿ ಯಾರಿಗೆ?" ಎಂದರು ಗೋವಿಂದಮ್ಮ. ಅದು ಆಕೆ ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ.

"ನಮ್ಮಮ್ಮನಿಗೆ."

ಶ್ರೀರಾಮಪ್ಪನ ತಾಯಿ ಅಕ್ಕಯ್ಯಮ್ಮ ಕುಳ್ಳಗಿನ ಜೀವ, ವಯಸ್ಸು ಎಪ್ಪತ್ತೆಂಟು. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ನಾಗಿ, ಮನೆಯೊಳಗೆ ಕೋಲೂರಿ ಓಡಾಡುವಷ್ಟು ಸುಧಾರಿಸಿದ್ದರು. ಆಟೋ ಎತ್ತಿಹಾಕಿದರೆ ಪ್ರಾಣ ಹೋಗುವಷ್ಟು ನೋವು; ಎತ್ತರದ ವ್ಯಾನಿಗೆ ಹತ್ತಲಾಗದು. ನಾಲ್ವರು ಸೇರಿ ಎತ್ತಿ ಕೂರಿಸಬೇಕು. ಹಾಗೆ ಎತ್ತಿಸಿಕೊಂಡದ್ದು ಒಂದೇ ಸಲ. "ನನ್ನ ಹೊತ್ಕೊಂಡು ಹೋಗೋದು ಇನ್ನೊಂದೇ ಸಲ, ಅವತ್ತು ನಂಗೆ ಗೊತ್ತಾಗಲ್ಲ ಬಿಡು" ಎಂದವರು ಹೊಸ್ತಿಲು ದಾಟಿರಲಿಲ್ಲ. ಕೆ.ಆರ್.ಪುರದಲ್ಲಿದ್ದ ತಂಗಿಯ ಮುಖ ನೋಡಿ ಎರಡು ವರ್ಷವಾಗಿತ್ತು. ಆಕೆಯೂ ಹಾಸಿಗೆ ಹಿಡಿದವಳು, ಬರಲಾರಳು.

ಇದನ್ನೆಲ್ಲ ಮಗನ ಬಾಯಿಂದ ಕೇಳಿ ಗೋವಿಂದಮ್ಮ ಚಪ್ಪಲಿ ಕಳಚಿ ಒಳಗೆ ಕುಳಿತರು. ಐದು ನಿಮಿಷದ ಬದಲು ಹತ್ತು ನಿಮಿಷವಾಯಿತು.

"ಮೊದಲು ಬೈತೀನಿ, ಕೇಳಿಸ್ಕೊಳ್ಳಿ. ಹೊಟ್ಟೆ ನೆಲಕ್ಕೆ ಹತ್ರ, ಐದು ಜನ ಕೂತು ಹಂಪ್ ಹತ್ತಿಸಿದ್ರೆ ಕೆರೆಯುತ್ತೆ. ನಮ್ಮ ಗಲ್ಲೀಲಿ ತಿರುಗಿಸ್ಬೇಕಾದ್ರೆ ಮೂರು ಸಲ ಹಿಂದೆ ಮುಂದೆ ಮಾಡ್ಬೇಕು. ಅದೆಲ್ಲಾ ಹೋಗ್ಲಿ. ಈ ಸೀಟು ಸೀಟಲ್ಲ, ಬಾವಿ. ಮಂಡಿ ಎದೆಗೆ ಬರುತ್ತೆ. ನಿಮ್ಮಮ್ಮ ಕೂರ್ತಾರೆ, ಏಳಲ್ಲ."

"ನಲವತ್ತೊಂದು ಪಾಯಿಂಟ್ ಪಾಸಾಗಿದೆಯಲ್ಲಮ್ಮ."

"ನಿಮ್ಮ ಪಟ್ಟೀಲಿ ನಿಮ್ಮಮ್ಮ ಎಲ್ಲಿದಾರೆ, ತೋರಿಸಿ."

ಶ್ರೀರಾಮಪ್ಪ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಮುಖ ಸಣ್ಣದಾಯಿತು. ಹಾಗಾದರೆ ವಾಪಸು ಕೊಟ್ಟುಬಿಡಲೇ ಎಂದರೆ, ಗೋವಿಂದಮ್ಮನಿಗೆ ರೇಗಿತು. "ಗುಣ ಇಲ್ಲ ಅಂದೋರ್ಯಾರು? ಹಳ್ಳಕ್ಕಿಳಿದ್ರೂ ಕುಲುಕು ಸೊಂಟದವರೆಗೆ ಬರಲ್ಲ, ನಿಮ್ಮಮ್ಮನಿಗೆ ಬೇಕಾಗಿರೋದೇ ಅದು. ಬಾಗಿಲು ಅಗಲವಾಗಿ ತೆಗೆಯುತ್ತೆ. ಹಿಂದೆ ಕೂತೋರಿಗೂ ಏಸಿ ತಣ್ಣಗೆ ಬಡಿಯುತ್ತೆ. ಡಿಕ್ಕೀಲಿ ಗಾಲಿಕುರ್ಚಿ ಮಡಿಸಿ ಇಟ್ರೂ ಅಕ್ಕಿ ಮೂಟೆಗೆ ಜಾಗ ಇದೆ. ಕಂಪನಿಯವರು ಸೀಟು ಇಷ್ಟು ತಗ್ಗಿಗೆ ಕೊಡಲ್ಲ ರೀ. ಯಾರೋ ಕೆಳಗಿಂದ ಸ್ಪಾಂಜು ಕೊಯ್ದಿದಾರೆ. ಯಾವ ಅಡ್ನಾಡಿ ಕೆಲ್ಸ ಇದು, ನೋಡೇ ಬಿಡ್ತೀನಿ."

ಸೀಟನ್ನು ಕಿತ್ತು, ಮಗುಚಿ, ದಬ್ಬಳದಿಂದ ಹೊಲಿಗೆ ಬಿಚ್ಚಿದರು. ಸ್ಪಾಂಜನ್ನು ಮೂರು ಬೆರಳಷ್ಟು ಕೊಯ್ದು, ಹಳದಿ ದಾರದಲ್ಲಿ ಎರಡೆರಡು ಗಂಟು ಹಾಕಿ ಮುಚ್ಚಿದ್ದರು. ಇಡೀ ಶಿವಾಜಿನಗರದಲ್ಲಿ ಹಳದಿ ದಾರದಲ್ಲಿ ಎರಡು ಗಂಟು ಹಾಕುವ ಕೈ ಒಂದೇ. ನಾಲ್ಕು ವರ್ಷದ ಹಿಂದೆ ಹಲಸೂರಿನ ಆರೂಕಾಲು ಅಡಿಯ ಗಿರಾಕಿಯೊಬ್ಬ, ಹಿಂದೆ ಕೂತರೆ ಚಾವಣಿ ತಲೆಗೆ ತಾಗುತ್ತದೆಂದು ಗೋಗರೆದು ಸೀಟು ತಗ್ಗಿಸಿಕೊಂಡು ಹೋಗಿದ್ದ. ಆಮೇಲೆ ಯಾರೋ ಮೇಲೆ ಬೇರೆ ಕವರು ಹೊದಿಸಿದ್ದರಿಂದ ಆಕೆಗೆ ಗುರುತು ಸಿಕ್ಕಿರಲಿಲ್ಲ.

ಗೋವಿಂದಮ್ಮನ ಕಿವಿ ಬಿಸಿಯಾಯಿತು. ಬೇಕಾಗಿದ್ದರೆ ಸುಮ್ಮನೆ ಮುಚ್ಚಿ ಹೊಲಿಯಬಹುದಿತ್ತು. ಶ್ರೀರಾಮಪ್ಪನಿಗೆ ದಾರದ ಬಣ್ಣದಿಂದ ಏನು ತಿಳಿಯಬೇಕು?

"ಸಾರ್, ಈಗ ಬೈದ್ನಲ್ಲ, ಆ ಅಡ್ನಾಡಿ ನಾನೇ" ಎಂದರು ಆಕೆ. "ಉದ್ದದ ಮನುಷ್ಯನಿಗೆ ಹೊಲಿದಿದ್ದೆ. ಕುಳ್ಳಿ ಅಜ್ಜಿಗೆ ಬದಲಾಯಿಸಿ ಕೊಡ್ತೀನಿ. ನಡೀರಿ, ಮನೆಗೆ ಹೋಗೋಣ."

ಕಾರಿನ ಸೀಟಿಗೆ ಮನುಷ್ಯರ ಅಳತೆ ತೆಗೆದುಕೊಳ್ಳುವವರನ್ನು ಯಾರು ಕಂಡಿದ್ದರು? ಗೋವಿಂದಮ್ಮ ಕೋಟಿನ ಸಮೇತ ಅಕ್ಕಯ್ಯಮ್ಮನ ಕಾಲ ಬಳಿ ಕುಳಿತು ಅಂಗಾಲಿನಿಂದ ಮಂಡಿಯವರೆಗೆ, ಮಂಡಿಯಿಂದ ಸೊಂಟದವರೆಗೆ ಟೇಪು ಹಿಡಿದರು.

"ಏನಮ್ಮಾ, ಹೆಣದ ಪೆಟ್ಟಿಗೆ ಮಾಡ್ತೀಯ ನಂಗೆ?" ಎಂದರು ಮುದುಕಿ.

"ರವಿಕೆ ಅಂದ್ಕೊಳ್ಳಿ, ಅಮ್ಮ. ಎದ್ದು ನಿಂತ್ಕೊಳ್ಳಿ ಒಂದ್ಸಲ. ಯಾವ ಕೈ ಊರ್ತೀರಿ? ಬಲಗೈಯಾ? ಇನ್ನೊಂದ್ಸಲ."

ಹೀಗೆ ಏಳು ಸಲ ಏಳಿಸಿ ಕೂರಿಸಿ, ಮುದುಕಿಯಿಂದ ಚೆನ್ನಾಗಿ ಬೈಸಿಕೊಂಡು ಹಿಂದಿರುಗಿದರು. ಗಾಡಿ ಕೊಳ್ಳುತ್ತೇನೆಂದು ಶ್ರೀರಾಮಪ್ಪ ಮಾರುವವನಿಗೆ ಅಂದೇ ಹೇಳಿ ಕಳಿಸಿದರು. ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಸೀಟಿನ ಎಡಭಾಗಕ್ಕೆ ತೆಂಗಿನ ನಾರಿನ ಗಟ್ಟಿ ಹಲಗೆ, ಅದರ ಮೇಲೆ ಬಿಗಿಯಾದ ಸ್ಪಾಂಜು. ಅಂಚಿನಲ್ಲಿ ತುಸು ಇಳಿಜಾರು. ಕುಳಿತಲ್ಲೇ ಜಾರಿ ತಿರುಗಲೆಂದು ನುಣುಪಾದ ರೆಕ್ಸಿನ್. ಬಲಗೈಗೆ ಸಿಗುವಂತೆ ಮುಂದಿನ ಸೀಟಿನ ಬೆನ್ನಿಗೆ ಎರಡು ಪದರದ ಪಟ್ಟಿ. ಕವರನ್ನು ಹಳದಿ ದಾರದಲ್ಲೇ ಹೊಲಿದರು.

ಭಾನುವಾರ ಬೆಳಿಗ್ಗೆ ತಿಪ್ಪಸಂದ್ರದ ಆ ಬೀದಿಯ ಜನ ಹಾಲಿನ ಪಾತ್ರೆ ಹಿಡಿದು ಅಲ್ಲಲ್ಲೇ ನಿಂತರು. ಅಕ್ಕಯ್ಯಮ್ಮ ಕೋಲೂರಿ ಬಂದು, ಕಾರಿಗೆ ಬೆನ್ನು ಮಾಡಿ, ಕುಳಿತು, ಒಂದೊಂದೇ ಕಾಲನ್ನು ಒಳಗೆಳೆದುಕೊಂಡರು. ಮಗ ಕೈ ಚಾಚಿದರೆ ಗೋವಿಂದಮ್ಮ ಅವರ ರಟ್ಟೆ ಹಿಡಿದು ನಿಲ್ಲಿಸಿದರು. ಬೀದಿಯವರು ನಿಟ್ಟುಸಿರುಬಿಟ್ಟರು, ಆದರೆ ಗೋವಿಂದಮ್ಮ ಬಿಡಲಿಲ್ಲ. ಕೂರುವುದು ಯಾರಿಗೂ ಬರುತ್ತದೆ, ಏಳುವುದಲ್ಲವೇ ಪರೀಕ್ಷೆ? ಕೆ.ಆರ್.ಪುರದವರೆಗೂ ಆಕೆ ಮುಂದಿನ ಸೀಟಿನಲ್ಲಿ ಕುಳಿತು, ಪ್ರತಿ ಹಂಪಿಗೂ ಹಿಂದಿರುಗಿ ಮುದುಕಿಯ ಮಂಡಿಗಳನ್ನೇ ನೋಡುತ್ತಿದ್ದರು.

ತಂಗಿಯ ಮನೆ ಮುಂದೆ ಗಾಡಿ ನಿಂತಿತು. ಒಳಗಿನಿಂದ ಹೆಣ್ಣುಮಕ್ಕಳು ದೊಡ್ಡಮ್ಮನನ್ನು ಎತ್ತಲು ಓಡಿ ಬಂದರು. ಅಕ್ಕಯ್ಯಮ್ಮ ಸೀಟಿನ ಮೇಲೆ ಸರಕ್ಕನೆ ತಿರುಗಿ, ಎರಡೂ ಪಾದ ನೆಲಕ್ಕೂರಿ, ಬಲಗೈಯಲ್ಲಿ ಪಟ್ಟಿ ಹಿಡಿದರು. "ಕೈ ತೆಗೀರೇ ಎಲ್ರೂ" ಎಂದರು. ಎದ್ದರು. ಸೆರಗು ಸರಿಪಡಿಸಿಕೊಂಡು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಯಾರ ಕಡೆಗೂ ನೋಡದೆ ತಂಗಿಯ ಕೋಣೆಗೆ ನಡೆದುಹೋದರು. ಒಳಗಿನಿಂದ ಎರಡು ಮುದಿ ದನಿಗಳ ಅಳು, ಅದರ ಹಿಂದೆಯೇ ನಗು ಕೇಳಿಸಿತು. ಶ್ರೀರಾಮಪ್ಪ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡರು. ಗೋವಿಂದಮ್ಮ ಹಿಗ್ಗು ತಡೆಯಲಾಗದೆ ಆ ಮನೆಯವರು ಕೊಟ್ಟ ಕಾಫಿಯನ್ನು ಎರಡು ಸಲ ಕೇಳಿ ಕುಡಿದರು.

ತಪ್ಪು ಹುಡುಕುವವರಿಗೆ ನಮ್ಮ ಊರಲ್ಲಿ ಬರವಿಲ್ಲ, ಕಟ್ಟೆಗೊಬ್ಬರು ಸಿಗುತ್ತಾರೆ. ಹುಡುಕಿದ ತಪ್ಪು ತನ್ನದೇ ಎಂದು ಕಂಡಾಗ ಹಾಗೆಂದು ಬಾಯಿಬಿಟ್ಟು ಹೇಳಿ, ಮರುಕ್ಷಣ ಸೂಜಿಗೆ ದಾರ ಪೋಣಿಸುವ ಜನ ಮಾತ್ರ ತೀರ ವಿರಳ. ಅಂಥವರಿಗೆ ಯಾರೂ ಸನ್ಮಾನ ಮಾಡುವುದಿಲ್ಲ, ಅವರ ಕೈಕೆಲಸದ ಮೇಲೆ ಕುಳಿತವರಿಗೆ ಎಷ್ಟೋ ಸಲ ಅವರ ಹೆಸರೂ ತಿಳಿದಿರುವುದಿಲ್ಲ. ಯಾರ ಆಸರೆಯೂ ಇಲ್ಲದೆ ತಾವೇ ಎದ್ದೆವೆಂದು ಕುಳಿತವರು ನಂಬಿ ನಡೆದುಬಿಡುತ್ತಾರಲ್ಲ, ಅಲ್ಲಿಗೆ ಹೊಲಿದವರು ಗೆದ್ದಂತೆ.