ಅವ್ವನ ಜೀಪಿಗೆ ಅಗಲದ ಆಕ್ಸಲ್

ಬೀರೇಶನಿಗೆ ಅವನ ಹಳೆ ಜೀಪೆಂದರೆ ಪ್ರಾಣ. ಅವನ ಹೆಂಡತಿ ಅನುವಿಗೆ ಅದು ಸವತಿ. ಬಿಡದಿಯ ಕಾರ್ಖಾನೆಯೊಂದರಲ್ಲಿ ವಾರವಿಡೀ ಹೊಸ ಕಾರುಗಳಿಗೆ ನಟ್ಟು ಬಿಗಿದು ದಣಿದ ಗಂಡಸು ರಜೆಯ ದಿನವಾದರೂ ಮನುಷ್ಯರ ಮುಖ ನೋಡಬೇಕೋ ಬೇಡವೋ? ಇವನು ಅಂಗಳದಲ್ಲಿ ಜೀಪಿನ ಕೆಳಗೆ ಅಂಗಾತ ಮಲಗಿರುತ್ತಿದ್ದ. ಅವನ ಎರಡು ಪಾದ ಹೊರಗೆ ಕಂಡವೆಂದರೆ ಅವತ್ತು ಭಾನುವಾರ ಎಂದು ಸೋಲೂರಿನ ಆಚೆಯ ಆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಈ ಸಲ ಅವನ ತಲೆ ತಿನ್ನುತ್ತಿದ್ದದ್ದು ಆಕ್ಸಲ್. ಎಡಬಲದ ಚಕ್ರಗಳನ್ನು ಗಟ್ಟಿ ತೊಲೆಯಂತೆ ಹಿಡಿದು ನಿಲ್ಲಿಸುವ ಮುಂದಿನದೂ ಹಿಂದಿನದೂ ಸವೆದು ಹೋಗಿದ್ದವು. ಅದೇ ಅಳತೆಯವನ್ನು ಹಾಕಿಸುವುದೋ, ದೊಡ್ಡ ಗಾಡಿಯಿಂದ ಬಿಚ್ಚಿದ ಅಗಲದವನ್ನು ಹಾಕಿಸುವುದೋ? ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಅದರಲ್ಲಿ ಅವ್ವನ ಸಂಗತಿ ಸೇರಿಕೊಂಡಿತ್ತು.

ಅವ್ವ ದಾಸಮ್ಮ ಬೆಟ್ಟ ಹತ್ತಿ ವರ್ಷವಾಗುತ್ತ ಬಂದಿತ್ತು. ಮಂಡಿ ಕೈಕೊಟ್ಟಿತ್ತು, ಬಲ ರಟ್ಟೆ ಮೇಲೇಳುತ್ತಿರಲಿಲ್ಲ. ಮನೆಯವರ ಕುರಿ ಕೂಡುವ ರೊಪ್ಪ ಇದ್ದದ್ದು ಬೆಟ್ಟದ ಮೇಲೆ, ಜೋಡಿಗುಂಡು ಎಂದು ಕರೆಯುವ ಎರಡು ದೊಡ್ಡ ಬಂಡೆಗಳ ನಡುವಿನ ಕಿಂಡಿಯಾಚೆ. ಅಪ್ಪ ಚನ್ನಯ್ಯ ಕುರಿಗಳ ಜೊತೆ ಅಲ್ಲೇ ಇರುತ್ತಿದ್ದ. ಸಂಜೆಯಾಯಿತೆಂದರೆ ದಾಸಮ್ಮ ಫೋನು ಹಿಡಿಯುವಳು.

"ಎಲ್ಲಾ ಬಂದ್ವಾ? ಸರ್ಯಾಗಿ ಎಣ್ಸುದ್ರಾ? ಚಿರತೆ ಓಡಾಡ್ತಾ ಐತಂತೆ."

"ಬಂದವೆ ಕಣಮ್ಮಿ, ಉಣ್ಣೋಗು" ಎಂದು ಚನ್ನಯ್ಯ ರೇಗುವನು.

ಅವನ ಎಣಿಕೆಯ ಮೇಲೆ ಅವಳಿಗೆ ನಂಬಿಕೆಯಿಲ್ಲ. ಅನ್ನ ಕಲಸುವಳು, ಬಾಗಿಲ ಕಡೆ ನೋಡುವಳು. ಅದನ್ನು ಕಂಡಾಗಲೆಲ್ಲ ಬೀರೇಶನಿಗೆ ಅವಳನ್ನು ರೊಪ್ಪಕ್ಕೆ ಕರೆದೊಯ್ಯಬೇಕೆನಿಸುತ್ತಿತ್ತು.

ಒಮ್ಮೆ ಅವ್ವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟಿದ್ದ. ದಾರಿಯ ಓರೆಬಂಡೆಯ ಮೇಲೆ ಜೀಪು ವಾಲಿ ಒಂದು ಚಕ್ರ ನೆಲ ಬಿಟ್ಟಿತು. ದಾಸಮ್ಮ ಜಾರಿ ಮಗನ ತೊಡೆಯ ಮೇಲೆ ಬಿದ್ದು, "ಕೂಸಾಗಿದ್ದಾಗ ನಿನ್ನ ಎತ್ಕೊಂಡಿದ್ದಕ್ಕೆ ಇವತ್ತು ಸರಿಹೋಯ್ತು ಕಣ್ಲಾ" ಎಂದು ನಕ್ಕಳು. ಹಿಂದೆ ನಡೆದು ಬರುತ್ತಿದ್ದ ಅನು ನಗಲಿಲ್ಲ. "ಅತ್ತೇನ ಇನ್ನೊಂದ್ ಸಲ ಈ ಗಾಡಿ ಹತ್ಸುದ್ರೆ ನಾನೇ ಅಡ್ಡ ಮಲಗ್ತೀನಿ ನೋಡಿ" ಎಂದು ಅಳುತ್ತಾ ಗದರಿದಳು. ಅವತ್ತು ಅರ್ಧ ದಾರಿಯಿಂದಲೇ ಮೂವರೂ ವಾಪಸಾದರು.

ಅಗಲದ ಆಕ್ಸಲ್ ಹಾಕಿದರೆ ಚಕ್ರಗಳು ಅತ್ತಿತ್ತ ಸರಿದು ಜೀಪು ಕಾಲಗಲಿಸಿ ನಿಂತಂತೆ ನಿಲ್ಲುತ್ತದೆ, ಓರೆಬಂಡೆಯಲ್ಲಿ ವಾಲುವುದಿಲ್ಲ. ಆದರೆ ಜೋಡಿಗುಂಡಿನ ಕಿಂಡಿಯಲ್ಲಿ ತೂರುವುದಿಲ್ಲ. ಬೀರೇಶ ಟೇಪು ಹಿಡಿದು ಅಳೆದೇ ನೋಡಿದ್ದ, ನಾಲ್ಕು ಬೆರಳು ಸಾಲದು. ಹಳೆಯ ಅಳತೆಯಾದರೆ ತೂರುತ್ತದೆ, ವಾಲುತ್ತದೆ. ಅವ್ವನನ್ನು ರೊಪ್ಪದ ಬಾಗಿಲಿಗೇ ಇಳಿಸಬೇಕೆಂಬುದು ಅವನ ಆಸೆ. ಅಲ್ಲಿ ಹೊಂಗೆ ಮರದಡಿ ಅವಳಿಗೆಂದು ಮಂಚವನ್ನೂ ಹಾಕಿಟ್ಟಿದ್ದ. ಗುಂಡಿನ ಅಂಚನ್ನು ಒಂದಿಷ್ಟು ಒಡೆಸಿದರೆ ಹೇಗೆ ಎಂದು ಅಪ್ಪನನ್ನು ಕೇಳಿದ.

"ಗುಂಡು ಒಡುಸ್ತೀಯೇನ್ಲಾ? ಮೊದ್ಲು ನಿನ್ ಗಾಡಿ ಒಡ್ದಾಕ್ತೀನಿ" ಎಂದ ಚನ್ನಯ್ಯ.

ರಾಮನಗರದಲ್ಲಿ ಜೀಪು ಬಿಚ್ಚಿ ಕಟ್ಟುವ ವರ್ಕ್‌ಶಾಪನ್ನು ತಂದೆಯ ನಂತರ ನಡೆಸುತ್ತಿದ್ದವಳು ನಿಖಾತ್. ಎರಡೂ ಬಗೆಯ ಆಕ್ಸಲ್‌ಗಳನ್ನು ನೆಲದ ಮೇಲೆ ಸಾಲಾಗಿ ಇಡಿಸಿದ್ದಳು. ಬೀರೇಶ ಅವುಗಳ ಸುತ್ತ ಹೆಣ್ಣು ನೋಡಲು ಬಂದವನಂತೆ ಸುತ್ತಿದ, ಕೂತ, ಎದ್ದ.

"ಅಣ್ಣಾ, ಗಾಡೀಲಿ ಕೂರೋದು ಯಾರು?" ಎಂದಳು ನಿಖಾತ್ ಕೊನೆಗೆ.

"ನಮ್ಮವ್ವ."

"ಅವ್ರುನ್ನ ಕೇಳುದ್ರಾ?"

ಬೀರೇಶ ಅಪ್ಪನನ್ನು, ಹೆಂಡತಿಯನ್ನು, ಕಾರ್ಖಾನೆಯ ಗೆಳೆಯರನ್ನೆಲ್ಲ ಕೇಳಿದ್ದ. ಅವ್ವನನ್ನು ಮಾತ್ರ ಕೇಳಿರಲಿಲ್ಲ. ಅಲ್ಲಿಂದಲೇ ಫೋನು ಮಾಡಿ, ವಾಲುವುದು ತೂರುವುದು ಎರಡನ್ನೂ ವಿವರಿಸಿದ.

"ಅಗಲದ್ದೇ ಹಾಕ್ಸು" ಎಂದಳು ದಾಸಮ್ಮ.

"ಅವ್ವ, ಜೋಡಿಗುಂಡಿನ ತಾವ್ಲೇ ನಿಂತೋಯ್ತದೆ. ಅಲ್ಲಿಂದ ನೀನು ನಡೀಬೇಕಾಯ್ತದೆ."

"ಅಲ್ಲಿಗಂಟ ಬುಡು ಮಗ, ಸಾಕು."

ತನಗಾಗಿ ಅವ್ವ ಆಸೆ ಬಿಟ್ಟಳು ಎಂದುಕೊಂಡ ಬೀರೇಶ. ಅಗಲದವನ್ನೇ ಹಾಕಿಸಿದ, ಆದರೆ ಮನಸ್ಸು ಮುದುಡಿಕೊಂಡಿತ್ತು. ಚಕ್ರಗಳು ಮಡ್‌ಗಾರ್ಡಿನಿಂದ ಹೊರಗೆ ಚಾಚಿ ಜೀಪು ಏಡಿಯಂತೆ ಕಾಣುತ್ತಿದ್ದರೂ ಅದನ್ನು ಯಾರಿಗೂ ತೋರಿಸಿ ಮೆರೆಯಲಿಲ್ಲ.

ಮುಂದಿನ ಭಾನುವಾರ ಸಂಜೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಹಿಂದಿನ ಸೀಟಿನಲ್ಲಿ ಅನು, ಎರಡೂ ಕೈಯಲ್ಲಿ ಅತ್ತೆಯ ಭುಜ ಹಿಡಿದು. ಓರೆಬಂಡೆ ಬಂತು. ಅನು ಕಣ್ಣು ಮುಚ್ಚಿದಳು. ಜೀಪು ಒಮ್ಮೆ ನರಳಿ, ನಾಲ್ಕೂ ಚಕ್ರ ಊರಿಕೊಂಡೇ ದಾಟಿತು.

"ಕಣ್ಬುಡು ಕಣಮ್ಮಿ, ದಾಟಾಯ್ತು" ಎಂದಳು ದಾಸಮ್ಮ.

ಜೋಡಿಗುಂಡಿನ ಮುಂದೆ ಬೀರೇಶ ಬ್ರೇಕು ಒತ್ತಿದ. ಆದರೆ ಅವ್ವ ಇಳಿಯಲಿಲ್ಲ. "ಇನ್ನೊಸಿ ಮುಂದಕ್ಕೆ. ಬಲಗಡೆ ಗಾಲಿನ ಗುಂಡಿನ ಪಕ್ಕಕ್ಕೆ ತತ್ತಾ. ಇನ್ನೊಸಿ. ಹ್ಞಾಂ, ನಿಲ್ಸು." ಏಕೆಂದು ತಿಳಿಯದೆ ಅವನು ಹೇಳಿದಂತೆ ಮಾಡಿದ. ಜೀಪಿನ ಮೂತಿ ಕಿಂಡಿಯ ಮುಕ್ಕಾಲು ಭಾಗ ಮುಚ್ಚಿತು.

ದಾಸಮ್ಮ ಇಳಿದು, ಕುಂಟುತ್ತಾ ಎಡದ ಬಂಡೆಗೆ ಒರಗಿ ನಿಂತಳು, ಎಡಗೈಯಲ್ಲಿ ಕೋಲು ಹಿಡಿದು. ಆಗ ಬೀರೇಶನಿಗೆ ನೆನಪಾಯಿತು. ಅವನು ಚಿಕ್ಕವನಿದ್ದಾಗ ದಿನವೂ ಮೇದು ಬಂದ ಮಂದೆಯನ್ನು ಅವ್ವ ಇದೇ ಕಿಂಡಿಯಲ್ಲಿ ಎರಡೂ ಕೈ ಚಾಚಿ ತಡೆದು, ಒಂದೊಂದಾಗಿ ಒಳಬಿಟ್ಟು ಎಣಿಸುತ್ತಿದ್ದಳು. ಅವಳಿಗೆ ರೊಪ್ಪದ ಬಾಗಿಲು ಬೇಕಿರಲಿಲ್ಲ, ಮಂಚವೂ ಬೇಕಿರಲಿಲ್ಲ. ಈ ಕಿಂಡಿಯೇ ಬೇಕಿತ್ತು. ಏಳದ ಬಲಗೈಯ ಜಾಗದಲ್ಲಿ ಈಗ ಜೀಪು ನಿಂತಿತ್ತು. ಮುದುಡಿಕೊಂಡಿದ್ದ ಅವನ ಮನಸ್ಸು ಅರಳಿತು.

ಕೆಳಗಿನಿಂದ ಚನ್ನಯ್ಯ ಮಂದೆ ಹೊಡೆದುಕೊಂಡು ಬಂದ. ದಾಸಮ್ಮ ಮಡ್‌ಗಾರ್ಡನ್ನು ಕೋಲಿನಿಂದ ಮೆಲ್ಲಗೆ ತಟ್ಟಿ, "ಲಾಭ" ಎಂದಳು. ರಾಗಿ ಅಳೆದರೂ ಕುರಿ ಎಣಿಸಿದರೂ ಅವಳು ಒಂದು ಎನ್ನುತ್ತಿರಲಿಲ್ಲ, ಲಾಭ ಎಂದೇ ಶುರುಮಾಡುತ್ತಿದ್ದಳು. ಆಮೇಲೆ ಮೊದಲ ಕುರಿ ಚಕ್ರ ಸವರಿಕೊಂಡು ಒಳನುಗ್ಗಿತು. "ಎರಡು. ಮೂರು." ಧೂಳೆದ್ದಿತು. ಅವಳು ಕೊನೆಯ ಮರಿಯವರೆಗೂ ಎಣಿಸಿ ಒಟ್ಟು ಹೇಳಿದಳು.

"ಒಂದು ಜಾಸ್ತಿ ಆಯ್ತಲ್ಲಮ್ಮಿ! ನಿಂಗೂ ತಪ್ತಾ?" ಎಂದು ಚನ್ನಯ್ಯ ಹಿಗ್ಗಿದ.

"ಎಲ್ಲಿ ತಪ್ತು? ನಿಮ್ ಮಗನ ಗಾಡೀನೂ ಸೇರ್ಸಿವ್ನಿ" ಎಂದಳು ದಾಸಮ್ಮ. "ಇನ್ಮೇಕೆ ಅದೂ ನಮ್ ಮಂದೇದೇ."