ಏಳನೆಯ ನುಡಿ

ಪ್ಲೇಗು ಬಂದು ಹೋದ ನಾಲ್ಕನೆಯ ವರ್ಷ. ಸಾಲಹಳ್ಳಿಯ ಶಟ್ಟೆವ್ವ ರಾಮದುರ್ಗದ ತುರಂಗಕ್ಕೆ, ಕೈದಿಗಳಿಗೆ ಹಾಡು ಕಲಿಸಲು ಹೋಗುತ್ತಾಳಂತೆ ಎಂಬ ಸುದ್ದಿ ಕೇಳಿ ಊರಿನ ಮಂದಿ ಅವಳ ಮನೆಯ ಕಡೆ ಕೈ ಮುಗಿದರು. ಅವಳ ಒಬ್ಬನೇ ಮಗನನ್ನು ಕೊಂದವನು ಇದ್ದದ್ದು ಅದೇ ತುರಂಗದಲ್ಲಿ. ಹಡೆದ ಹೊಟ್ಟೆ ಇಷ್ಟು ತಣ್ಣಗಾಗಬೇಕಾದರೆ ಬೀರಪ್ಪನೇ ಕೈಯಾಡಿಸಿರಬೇಕು ಎಂದು ಹೆಂಗಸರು ಬಾವಿ ಕಟ್ಟೆಯ ಮೇಲೆ ಮಾತಾಡಿಕೊಂಡರು. ಶಟ್ಟೆವ್ವ ಎಲ್ಲ ಕೇಳಿಸಿಕೊಂಡು ಕೊಡ ಎತ್ತಿಕೊಂಡು ಹೋದಳು. ಅವಳ ಹೊಟ್ಟೆ ತಣ್ಣಗಾಗಿರಲಿಲ್ಲ.

ಆ ಸೇವೆ ಶುರುಮಾಡಿದವನು ಬೀರಪ್ಪನ ಗುಡಿಯ ಪೂಜಾರಿ ಅಮೋಘಸಿದ್ದಪ್ಪ. ಬೀರಪ್ಪನಿಗೆ ನಡೆದುಕೊಳ್ಳುವ ಊರುಗಳು ಶಿಕ್ಷೆ ಮುಗಿಸಿ ಬಂದವನನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವನು ಊರ ಅಗಸಿಬಾಗಿಲ ಹೊರಗೆ ಕಂಬಳಿ ಹಾಸಿ ನಿಂತು ಹಿರಿಯರ ಮುಂದೆ ದೇವರ ಹಾಡನ್ನು ಮೊದಲಿನಿಂದ ಕೊನೆಯತನಕ ತಪ್ಪದೆ ಹಾಡಬೇಕು. ಹಾಡಿದರೆ ಹಿರಿಯರು ಹಣೆಗೆ ಭಂಡಾರ ಹಚ್ಚಿ ಕರೆದುಕೊಳ್ಳುತ್ತಿದ್ದರು. ಇಲ್ಲವಾದರೆ ಬೆಂಕಿ ಇಲ್ಲ, ನೀರಿಲ್ಲ, ಬಂದ ದಾರಿ ಹಿಡಿಯಬೇಕು. ಸರ್ಕಾರದ ಶಿಕ್ಷೆಗೆ ಕೊನೆ ಇರುತ್ತದೆ, ಊರಿನ ಶಿಕ್ಷೆಗೂ ಒಂದು ಕೊನೆ ಬೇಕಲ್ಲ ಎಂದು ಅಮೋಘಸಿದ್ದಪ್ಪ ರವಿವಾರಕ್ಕೊಮ್ಮೆ ನಡೆದು ಹೋಗಿ ಕೈದಿಗಳಿಗೆ ಆ ಹಾಡು ಕಲಿಸುತ್ತಿದ್ದ.

ಹಾಡು ಏಳು ನುಡಿಯದು. ಹಬ್ಬ ಹುಣ್ಣಿಮೆಗೆ ಆರನ್ನೇ ಹಾಡುತ್ತಾರೆ. ಏಳನೆಯದು ತಪ್ಪು ಮಾಡಿ ಬಂದವನ ಬಾಯಿಗಷ್ಟೇ ಮೀಸಲು. ಅದರಲ್ಲಿ ತಾನು ಕೆಡಿಸಿದವರ ಹೆಸರು ಹಿಡಿದು, ಮಾಡಿದ್ದನ್ನು ಒಪ್ಪಿಕೊಂಡು ಬಾಗಬೇಕು. ಹಿರಿಯರಿಗೆ, ಹಾಡಿಕೆಯ ಮನೆತನದವರಿಗೆ ಬಿಟ್ಟರೆ ಅಂಥದೊಂದು ನುಡಿ ಇದೆಯೆಂಬುದೇ ಬಹಳ ಮಂದಿಗೆ ಗೊತ್ತಿರಲಿಲ್ಲ.

ಶಟ್ಟೆವ್ವನದು ಹಾಡಿಕೆಯ ಮನೆತನ. ಅಜ್ಜಿಯ ತೊಡೆಯ ಮೇಲೆ ಕೂತು ಕೇಳಿದ ಒಂದು ಸಾಲನ್ನೂ ಅವಳು ಕಳೆದುಕೊಂಡವಳಲ್ಲ. ಹೊಸದಾಗಿ ಕೂಡಿದ ಗುಂಪಿಗೆ ಹಾಡು ಶುರುಮಾಡುವ ಮೊದಲೇ ಅಮೋಘಸಿದ್ದಪ್ಪ ಜ್ವರ ಬಿದ್ದು ದನಿ ಕಳೆದುಕೊಂಡಾಗ, ನಾ ಹೋಗತೇನಿ ಎಂದು ಅವಳೇ ಮುಂದೆ ಬಂದಳು. ಮುದುಕ ಉಳಿದ ದನಿಯಲ್ಲಿ ಪಿಸುಗುಟ್ಟಿದ.

"ಅಲ್ಲಿ ಹಣಮಂತನೂ ಅದಾನ, ಶಟ್ಟೆವ್ವಾ."

"ಗೊತ್ತೈತಿ ಕಾಕಾ."

ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ಯಾರ ಕುರಿ ತರುಬಬೇಕು ಎಂಬ ಜಗಳದಲ್ಲಿ ಹಣಮಂತಪ್ಪ ಬಡಿಗೆಯಿಂದ ಹೊಡೆದ ಒಂದೇ ಏಟಿಗೆ ಅವಳ ಮಗ ಮಾಳಪ್ಪ ಮತ್ತೆ ಏಳಲಿಲ್ಲ. ಸಿಟ್ಟಿನ ಕೈ ಎಂದು ನ್ಯಾಯಾಧೀಶರು ಏಳು ವರ್ಷದ ಶಿಕ್ಷೆಯಷ್ಟೇ ಕೊಟ್ಟಿದ್ದರು. ಆ ಏಳು ವರ್ಷ ಶಟ್ಟೆವ್ವನಿಗೆ ಸಾಲಲಿಲ್ಲ. ಅವನು ಅಗಸಿಯ ಹೊರಗೆ ನಿಂತು ಆರು ನುಡಿ ಹಾಡಿ ಬಾಯಿ ಮುಚ್ಚಬೇಕು, ಹಿರಿಯರು ಕಾಯಬೇಕು, ಅವನಿಗೆ ಏನೂ ಹೊಳೆಯಬಾರದು. ಬಾಗಿಲು ಹಾಕಿಕೊಳ್ಳುವ ಆ ಸಪ್ಪಳವನ್ನು ಅವಳು ದಿನಾ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ಕೇಳುತ್ತಿದ್ದಳು. ಮಾಳಪ್ಪನ ಹೆಸರು ಆ ಬಾಯಲ್ಲಿ ಬರುವುದೂ ಅವಳಿಗೆ ಬೇಡವಾಗಿತ್ತು.

ತುರಂಗದ ಅಂಗಳದಲ್ಲಿ ಹನ್ನೊಂದು ಮಂದಿ ಸಾಲಾಗಿ ಕೂತಿದ್ದರು. ಹಣಮಂತಪ್ಪ ತುದಿಗೆ ಕೂತು ತಲೆ ಎತ್ತಲೇ ಇಲ್ಲ. ಶಟ್ಟೆವ್ವ ಒಂದೊಂದೇ ಸಾಲು ಹೇಳಿಕೊಟ್ಟು, ತಿದ್ದಿ, ಆರು ತಿಂಗಳಲ್ಲಿ ಆರು ನುಡಿ ಮುಗಿಸಿದಳು. ಇಷ್ಟೇ ಹಾಡು ಎಂದಳು. ಉಳಿದ ಹತ್ತು ಮಂದಿಯ ವಿಚಾರ ಅವಳ ತಲೆಯಲ್ಲಿ ಸುಳಿಯಲೇ ಇಲ್ಲ.

ಆ ಹತ್ತರಲ್ಲಿ ಒಬ್ಬ ಮನೋಳಿಯ ಪರಸಪ್ಪ, ಮುಪ್ಪಿನವ. ಅಣ್ಣನ ಟಗರನ್ನು ಕದ್ದು ಮಾರಿ ಒಳಗೆ ಬಂದವ. ಯುಗಾದಿಯ ಮುಂದೆ ಅವನ ಬಿಡುಗಡೆಯಾಯಿತು. ಮುಂದಿನ ರವಿವಾರ ಶಟ್ಟೆವ್ವ ಹೋದಾಗ ಅವನು ತುರಂಗದ ಹೊರಗೆ ಬೇವಿನ ಬುಡದಲ್ಲಿ ಕಂಬಳಿ ಸುತ್ತಿಕೊಂಡು ಕೂತಿದ್ದ.

"ಒಳಗ ಬಿಡ್ರಿ ಅಂತ ಕೇಳಿದೆ, ಬಿಡವಲ್ಲರು," ಎಂದು ನಕ್ಕ. "ಬ್ಯಾಡಂದಾಗ ವರ್ಷಗಟ್ಟಲೆ ಇಟ್ಟಕೊಂಡ್ರು. ಈಗ ಬೇಕಂದರ ಜಾಗಾ ಇಲ್ಲಂತ."

ನಗೆ ನಿಂತ ಮೇಲೆ ಉಳಿದದ್ದನ್ನು ಹೇಳಿದ. ಮನೋಳಿಯ ಅಗಸಿಯಲ್ಲಿ ಅವನು ಆರೂ ನುಡಿ ಹಾಡಿದನಂತೆ. ಹಿರಿಯರು ಕಾದರಂತೆ. ಮುಂದ ಹೇಳೊ ಎಂದು ಹಿರಿಯರ ಸಾಲಿನಲ್ಲಿದ್ದ ಅಣ್ಣನೇ ಒಳಗಿನಿಂದ ಕೂಗಿದನಂತೆ. ಮುಂದೇನೆಂದು ಇವನಿಗೆ ಗೊತ್ತಿಲ್ಲ. ಮಾಡಿದ್ದನ್ನು ಒಪ್ಪಿಕೊಳ್ಳದವನಿಗೆ ಊರಿಲ್ಲ ಎಂದು ಹಿರಿಯರು ಬಾಗಿಲು ಎಳೆದುಕೊಂಡರು. ಮೂರು ದಿನ ಹೊಳೆಯ ದಂಡೆಯಲ್ಲಿದ್ದು ಬಂದಿದ್ದ.

"ಕಡೀ ನುಡಿ ನಾನೇ ಮರ್ತೇನಿ ಯವ್ವಾ. ಮುದುಕ ತಲಿ. ನಿಮ್ಮದೇನ ತಪ್ಪಿಲ್ಲ."

ಶಟ್ಟೆವ್ವ ಅವನ ಎದುರು ನೆಲದ ಮೇಲೆ ಕೂತು, ನೀವು ಮರೆತಿಲ್ಲ, ನಾನೇ ಹೇಳಿಕೊಟ್ಟಿರಲಿಲ್ಲ ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಅವಳ ಮಗನನ್ನು ಕೊಂದವನು ಯಾರೆಂಬುದು ತುರಂಗಕ್ಕೆಲ್ಲ ಗೊತ್ತಿತ್ತು. ಮುದುಕ ಕಂಬಳಿ ಕೊಡವಿ ನೆಟ್ಟಗೆ ಕೂತ. "ಹಂಗಾರ ಈಗ ಹೇಳಿಕೊಡು," ಎಂದ. ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದ. ಬಿಸಿಲು ಏರುವುದರೊಳಗೆ ಏಳನೆಯ ನುಡಿ ಅವನ ಬಾಯಿಗೆ ಬಂತು. ಅವನು ಎದ್ದು ಮನೋಳಿಯ ದಾರಿ ಹಿಡಿದ.

ಒಳಗೆ ಉಳಿದ ಹತ್ತು ಮಂದಿ ಕಾಯುತ್ತಿದ್ದರು. ಒಂಬತ್ತು ಮಂದಿಗೆ ಕಲಿಸಿದರೆ ಹತ್ತನೆಯವನ ಕಿವಿಗೂ ಬೀಳುತ್ತದೆ. ಹಣಮಂತಪ್ಪನನ್ನು ಬೇರೆ ಕೆಲಸಕ್ಕೆ ಹಚ್ಚಿರಿ ಎಂದು ಜೇಲರ ಸಾಹೇಬರನ್ನು ಕೇಳಲೇ ಎಂದುಕೊಂಡು ಅವಳು ಬಾಗಿಲತನಕ ಹೋದವಳು ಅಲ್ಲೇ ನಿಂತಳು. ನಿಂತಲ್ಲೇ ಆ ನುಡಿಯನ್ನು ಮನಸ್ಸಿನೊಳಗೆ ಒಮ್ಮೆ ಹಾಡಿಕೊಂಡಳು, ಹಣಮಂತಪ್ಪನ ದನಿಯಲ್ಲಿ. ಆ ಹೆಸರು ಹಿಡಿಯುವುದು ಅವನಿಗೆ ಮುಚ್ಚಿದ ಬಾಗಿಲಿಗಿಂತ ಭಾರ ಅನ್ನಿಸಿತು. ತಿರುಗಿ ಬಂದಳು.

ಇನ್ನೊಂದು ನುಡಿ ಐತಿ ಎಂದಳು. ಒಂಬತ್ತು ಮಂದಿಗೆ ಅವರವರು ಕೆಡಿಸಿದವರ ಹೆಸರು ಸೇರಿಸಿ ಕಲಿಸಿದಳು. ಕೊನೆಗೆ ತುದಿಯವನ ಮುಂದೆ ಹೋಗಿ ಕೂತಳು.

"ತಲಿ ಎತ್ತು. ನನ್ನ ಮಾರಿ ನೋಡಿಕೋತ ಹೇಳು."

ಅವಳು ಹಾಡಿದಳು:

ಮಾಡಿದ್ದ ಮುಚ್ಚದೆ ಹೇಳತೇನೊ ತಂದೆ
ಮಾಳಪ್ಪನ ಉಸುರ ನಾ ತಗದೇನೊ
ಅವ ಉಂಡ ಗಂಗಾಳ ಬರಿದು ಮಾಡೇನೊ
ಅವನ್ಹಡೆದಾಕಿ ಬಾಗಿಲಿಗೆ ಬಾಗೇನೊ

ಹಣಮಂತಪ್ಪ ಎರಡನೆಯ ಸಾಲಿಗೆ ನಿಂತ. ಹೆಸರಿನ ತನಕ ಬಂದು ಮತ್ತೆ ಮೊದಲಿನಿಂದ ಹಿಡಿದ. ಅವಳು ಕಾದಳು. ನಾಲ್ಕನೆಯ ಸಲಕ್ಕೆ ಹೆಸರು ಹೊರಗೆ ಬಂತು, ಅದರ ಹಿಂದೆಯೇ ಅಳುವೂ ಬಂತು. ಎಂಟನೆಯ ಸಲಕ್ಕೆ ಹಾಡು ಪೂರಾ ಆಯಿತು. ಅಕ್ಷರವಾಗಲಿ ಧಾಟಿಯಾಗಲಿ ಆಚೀಚೆ ಇರಲಿಲ್ಲ. ಪಹರೆಯವನು ಕೂಡ ಬಿಡ್ರಿನ್ನ ಎಂಬಂತೆ ಅವಳ ಕಡೆ ನೋಡಿದ.

ಅವನ ಬಿಡುಗಡೆಗೆ ಇನ್ನೂ ಮೂರು ವರ್ಷ ಇತ್ತು. ಮೂರು ವರ್ಷದ ಎಲ್ಲ ರವಿವಾರಗಳೂ ಅವಳವೇ ಆಗಿದ್ದವು.

"ಧಾಟಿ ತಪ್ಪೇತಿ," ಎಂದಳು ಶಟ್ಟೆವ್ವ. "ಮಾಳಪ್ಪ ಅನ್ನೂದರಿಂದ ಹಿಡಿ. ಮತ್ತೊಮ್ಮೆ."