ನಲವತ್ತು ಸಿಸಿ

ಟಿಕ್, ಟಿಕ್‌ಟಿಕ್ — ಡಬ್ಬಿಯೊಳಗೆ ಕಲ್ಲು ಆಡಿಸಿದ ಹಾಗೆ, ಬೇರೆ ಯಾವುದೋ ಕಾರಿನದ್ದಿರಬೇಕು, ನಮ್ಮದಲ್ಲ, ನಮ್ಮ ಹಳದಿ ಕಾರು ಈಗಷ್ಟೇ ಈ ಗೋಡೆ ದಾಟಿ ಹೋಯಿತು, ಒಳಗೆ ಮಗಳು, ರೇಸಿನಲ್ಲಿ ಎಲ್ಲರಿಗಿಂತ ಮುಂದೆ, ಇನ್ನು ನಾಲ್ಕೇ ಸುತ್ತು, ಆದರೆ ಶಬ್ದ ಅವಳ ಹಿಂದೆಯೇ ಹೋಯಿತಲ್ಲ — ಕಿವಿ ಸುಳ್ಳು ಹೇಳಬಹುದು, ಲೆಕ್ಕ ಹೇಳುವುದಿಲ್ಲ, ಚೀಟಿ ಜೇಬಿನಲ್ಲೇ ಇದೆ, ಕಂಪ್ರೆಷನ್ ಲೆಕ್ಕ, ಪಿಸ್ಟನ್ ಓಡಾಡುವ ಜಾಗ ನಾನೂರು ಸಿಸಿ, ಅದು ಮೇಲೆ ಬಂದು ನಿಂತಾಗ ಉಳಿಯುವ ಜಾಗ ನಲವತ್ತು, ಎರಡನ್ನೂ ಕೂಡಿಸಿ ನಲವತ್ತರಿಂದ ಭಾಗಿಸಿದರೆ ಹನ್ನೊಂದು, ಈ ಪೆಟ್ರೋಲಿಗೆ ಅಷ್ಟೇ ಮಿತಿ, ಮೀರಿದರೆ ಪೆಟ್ರೋಲು ಮಾತು ಕೇಳದೆ ತಾನೇ ಸಿಡಿಯುತ್ತದೆ, ಟಿಕ್‌ಟಿಕ್ ಅನ್ನುತ್ತದೆ, ಪಿಸ್ಟನ್ ಒಡೆಯುತ್ತದೆ, ತಿರುವಿನಲ್ಲಿ ಎಂಜಿನ್ ಕಚ್ಚಿಕೊಂಡರೆ ಚಕ್ರ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಆ ನಲವತ್ತನ್ನು ಅಳೆದವನು ನಾನೇ, ಎಂಜಿನ್ನಿನ ಮುಚ್ಚಳದಂಥ ಹೆಡ್ಡನ್ನು ಮೇಜಿನ ಮೇಲೆ ಮಗುಚಿಟ್ಟು, ಅದರ ಗುಳಿಯ ಮೇಲೆ ಗಾಜು ಮುಚ್ಚಿ, ಗಾಜಿನ ತೂತಿನಿಂದ ಸಿರಿಂಜಿನಲ್ಲಿ ನೀಲಿ ಸ್ಪಿರಿಟ್ ಬಿಡುತ್ತ, ಕೊನೆಗೆ ಸೂಜಿಯ ತುದಿಯಲ್ಲಿ ಒಂದು ಹನಿ, ಬೀಳಿಸಲೋ ಬೇಡವೋ, ಅಳೆದೂ ಸುರಿದೂ ಸಾಯ್ತೀರಲ್ಲ, ಬೇಗ ಹೇಳಿ, ಹೆಂಡತಿ ನಗುತ್ತ ಬರೆದುಕೊಂಡಳು, ನಲವತ್ತು, ಮಂಗಳವಾರ, ಅವಳಿಗೆ ಎಲ್ಲದಕ್ಕೂ ವಾರ ಹಾಕುವ ಚಟ. ಎಷ್ಟು ಬಂತಪ್ಪಾ, ಮಗಳು ಕೇಳಿದಳು, ಹನ್ನೊಂದು ಕಣೆ, ಕಣ್ಣು ಮುಚ್ಕೊಂಡು ಒತ್ತು ಆಕ್ಸಿಲರೇಟರ್.

ಮಂಗಳವಾರ — ಹೆಡ್ಡು ಬಾಮೈದನ ವರ್ಕ್‌ಶಾಪಿಗೆ ಹೋದದ್ದು ಬುಧವಾರ, ವಾಲ್ವ್ ನೋಡಿಸಲು, ಬರೀ ವಾಲ್ವ್, ಇಲ್ಲೇ ಪಕ್ಕದಲ್ಲಿ ನಿಂತಿದ್ದಾನೆ, ಏಯ್, ಹೆಡ್ಡಿನ ಮುಖ ಏನಾದ್ರೂ ಮುಟ್ಟಿದ್ಯಾ, ಬಾಗಿತ್ತಲ್ಲ ಭಾವ, ಒಂದು ಮಿಲಿಮೀಟರ್ ಮೇಲೆ ಚೂರು ಉಜ್ಜಿ ತೆಗ್ದೆ, ಅವತ್ತೇ ಹೇಳಿದ್ನಲ್ಲ, ನೀವು ಹೂಂ ಅಂದ್ರಿ. ಅಂದಿರಬೇಕು, ಗ್ರೈಂಡರ್ ಓಡುತ್ತಿತ್ತು, ಯಾರು ಏನಂದರೂ ಹೂಂಗುಟ್ಟುವವನು ನಾನು, ಒಂದು ಮಿಲಿಮೀಟರ್ ಮೇಲೆ ಚೂರು ಅಂದರೆ ಗುಳಿಯಲ್ಲಿ ಆರು ಸಿಸಿ ಹೋಯಿತು, ಉಳಿದದ್ದು ಮೂವತ್ತನಾಲ್ಕು, ನಾನೂರ ಮೂವತ್ತನಾಲ್ಕನ್ನು ಮೂವತ್ತನಾಲ್ಕರಿಂದ — ಹನ್ನೆರಡೂ ಮುಕ್ಕಾಲು, ಅವಳಿಗೆ ತೋರಿಸುವ ಹಲಗೆ ಎಲ್ಲಿ, ನಿಲ್ಲಿಸು ಅಂತ ಬರೆ, ಸೀಮೆಸುಣ್ಣ ಮುರಿಯಿತು, ಯಾಕೆ ಭಾವ, ಗೆಲ್ತಿದಾಳಲ್ಲ, ಎತ್ತಿ ಹಿಡಿದೆ, ಬಂತು ಹಳದಿ, ಟಿಕ್‌ಟಿಕ್‌ಟಿಕ್, ಅವಳು ತಲೆ ತಿರುಗಿಸಲಿಲ್ಲ, ಕಣ್ಣು ಮುಚ್ಕೊಂಡು ಒತ್ತು ಅಂದವನು ನಾನೇ ಅಲ್ಲವೇ, ಹೋದಳು, ತಿರುವಿನ ಹಿಂದಕ್ಕೆ ಹೋದಳು, ಟಿಕ್‌ಟಿಕ್ ಅಲ್ಲೇ ನಿಂತಿತು. ಕೆಂಪು ಕಾರು ಬಂತು, ಬಿಳಿ ಬಂತು, ಇನ್ನೊಂದು ಬಿಳಿ, ಹಳದಿ ಇಲ್ಲ, ಬಾಮೈದ ಗೋಡೆ ಹತ್ತಿದ್ದಾನೆ, ಏನ್ ಕಾಣ್ಸುತ್ತೋ, ಹೇಳೋ, ಸೂಜಿಯ ತುದಿಯಲ್ಲಿ ನೀಲಿ ಹನಿ, ತೂಗಾಡುತ್ತಿದೆ, ಬೀಳುತ್ತಿಲ್ಲ, ನೀಲಿ ಹನಿ